ಮೋಡಕ್ಕೆ ಹೆದರುವ ಬೆಳೆ

ಜೀರಿಗೆಯ ಹೊಲವನ್ನು ಕಣ್ಣಾರೆ ಕಂಡ ಕನ್ನಡಿಗರು ಕಡಿಮೆ. ಸಾರಿಗೆ ಜೀರಿಗೆ ಬೇಕು, ಹೊಟ್ಟೆ ಕೆಟ್ಟರೆ ಜೀರಿಗೆ ಕಷಾಯ ಬೇಕು, ಮದುವೆಯಲ್ಲಿ ಅಂತರಪಟ ಸರಿದ ಕೂಡಲೇ ವಧೂವರರು ಒಬ್ಬರ ತಲೆಯ ಮೇಲೊಬ್ಬರು ಇಡಲಿಕ್ಕೆ ಜೀರಿಗೆ ಬೆಲ್ಲ ಬೇಕು. ಇಷ್ಟು ಬಳಸುವ ನಾವು ಅದನ್ನು ಬೆಳೆಯುವುದಿಲ್ಲ. ಬೆಳೆಯಲು ಬೇಕಾದ ಹವೆ ನಮ್ಮಲ್ಲಿಲ್ಲ. ಜೀರಿಗೆಗೆ ಮೂರು ತಿಂಗಳು ಒಣ ಚಳಿ ಬೇಕು, ತಿಳಿಯಾದ ಆಕಾಶ ಬೇಕು, ಹೂವಾದ ಮೇಲೆ ಒಂದು ಹನಿ ಮಳೆಯೂ ಬೀಳಬಾರದು. ನಮ್ಮ ಹಿಂಗಾರಿನಲ್ಲಿ ಮೋಡ ಕವಿಯದ ವರ್ಷ ಯಾವುದು? ಹಾಗಾಗಿ ನಮ್ಮ ಒಗ್ಗರಣೆ ಡಬ್ಬಿಯ ಜೀರಿಗೆ ಗುಜರಾತಿನಿಂದ ಬರುತ್ತದೆ, ಇಲ್ಲವೇ ರಾಜಸ್ಥಾನದಿಂದ ಬರುತ್ತದೆ. ಜಗತ್ತಿನ ಜೀರಿಗೆಯಲ್ಲಿ ಹೆಚ್ಚಿನ ಪಾಲು ಭಾರತದ್ದು. ಭಾರತದ ಜೀರಿಗೆ ಬಹುತೇಕ ಪೂರ್ತಿ ಈ ಎರಡು ರಾಜ್ಯಗಳದ್ದು.

ನಾನು ಆ ಬೆಳೆಯನ್ನು ಮೊದಲು ಕಂಡದ್ದು 1988ರ ಚಳಿಗಾಲದಲ್ಲಿ, ಉತ್ತರ ಗುಜರಾತಿನ ಮೆಹಸಾಣಾ ಜಿಲ್ಲೆಯಲ್ಲಿ. ಧಾರವಾಡದ ಕೃಷಿ ಕಾಲೇಜಿನಲ್ಲಿ ಓದಿ, ಬ್ಯಾಂಕೊಂದರಲ್ಲಿ ಕೃಷಿ ಸಾಲದ ಅಧಿಕಾರಿಯಾಗಿ ಸೇರಿದವನನ್ನು ಅಲ್ಲಿಗೆ ವರ್ಗ ಮಾಡಿದ್ದರು. ನಮ್ಮ ಮನೆತನದ್ದು ಗದಗ ಸೀಮೆಯ ಎರೆ ಹೊಲ. ಹಿಂಗಾರಿ ಹಸಿಯಲ್ಲಿ ಹವೀಜ, ಎಂದರೆ ಕೊತ್ತಂಬರಿ, ಬಿತ್ತಿ, ಒಂದು ಸಲವೂ ನೀರು ಹಾಯಿಸದೆ ರಾಶಿ ಮಾಡುವುದನ್ನು ನೋಡಿ ಬೆಳೆದವನು ನಾನು. ಹವೀಜ, ಜೀರಿಗೆ, ಓಂಕಾಳು, ಬಡೇಸೋಪು, ಸಬ್ಬಸಿಗೆ ಎಲ್ಲ ಒಂದೇ ಕುಟುಂಬದ ಗಿಡಗಳು. ಎಲ್ಲಕ್ಕೂ ಕೊಡೆ ಬಿಚ್ಚಿದಂಥ ಹೂಗೊಂಚಲು. ಆ ಕುಟುಂಬದಲ್ಲಿ ಜೀರಿಗೆಯಷ್ಟು ನಾಜೂಕಿನ ಬೆಳೆ ಇನ್ನೊಂದಿಲ್ಲ ಎಂಬುದು ಮಾತ್ರ ಅಲ್ಲಿಗೆ ಹೋದ ಮೇಲೆ ತಿಳಿಯಿತು.

1985ರಿಂದ 87ರವರೆಗೆ ಗುಜರಾತ್ ಸತತ ಬರ ಕಂಡಿತ್ತು. ನಾನು ಹೋದ ವರ್ಷ ಮಳೆ ಒಳ್ಳೆಯದಾಗಿ ಊರುಗಳು ಚೇತರಿಸಿಕೊಳ್ಳುತ್ತಿದ್ದವು. ಅಲ್ಲಿನ ನೆಲವನ್ನು ಗೋರಾಡು ಎನ್ನುತ್ತಾರೆ. ಮರಳು ಬೆರೆತ, ನುಣುಪಾದ, ನೀರು ನಿಲ್ಲದ ಮಣ್ಣು. ಔಡಲ, ಸಾಸಿವೆ, ಗೋಧಿ, ಎಮ್ಮೆಗಳಿಗೆ ಕುದುರೆ ಮೆಂತ್ಯದ ಮೇವು, ಅವುಗಳ ನಡುವೆ ಜೀರಿಗೆಯ ಮಡಿಗಳು. ಸಂಜೆ ಊರೂರಲ್ಲಿ ಡೇರಿಯ ಮುಂದೆ ಕ್ಯಾನು ಹಿಡಿದವರ ಸಾಲು. ಹಾಲು ದಿನದ ಖರ್ಚಿಗೆ, ಜೀರಿಗೆ ಮದುವೆಗೆ, ಮನೆ ಕಟ್ಟುವುದಕ್ಕೆ, ಹಳೆಯ ಸಾಲ ತೀರಿಸುವುದಕ್ಕೆ. ಜೀರಿಗೆ ಬಂದರೆ ಒಂದೇ ಬೆಳೆಯಲ್ಲಿ ವರ್ಷದ ಲೆಕ್ಕ ಚುಕ್ತಾ ಆಗುತ್ತಿತ್ತು. ಬಾರದಿದ್ದರೆ ಬಿತ್ತಿದ ಬೀಜವೂ ಮನೆಗೆ ಮರಳುತ್ತಿರಲಿಲ್ಲ.

ನೀರಿನ ಕಥೆಯನ್ನು ಹೇಳದೆ ಆ ಸೀಮೆಯ ಜೀರಿಗೆಯ ಕಥೆ ಹೇಳಲಾಗದು. ಆ ಹೊತ್ತಿಗಾಗಲೇ ತೆರೆದ ಬಾವಿಗಳು ಬತ್ತಿ, ಆಳದ ಕೊಳವೆ ಬಾವಿಗಳು ಬಂದಿದ್ದವು. ಒಂದು ಬಾವಿ ಕೊರೆಸುವ ಖರ್ಚು ಒಬ್ಬ ರೈತನ ಕೈಮೀರಿದ್ದು. ಹತ್ತಿಪ್ಪತ್ತು ರೈತರು ಸೇರಿ ಪಾಲು ಹಾಕಿ ಕೊರೆಸುತ್ತಿದ್ದರು. ಅದನ್ನು ಅವರು ಕಂಪನಿ ಎಂದೇ ಕರೆಯುತ್ತಿದ್ದರು. ಪಾಲಿಲ್ಲದವರು ಗಂಟೆಯ ಲೆಕ್ಕದಲ್ಲಿ ನೀರು ಕೊಳ್ಳಬೇಕು, ಅಥವಾ ಬೆಳೆಯ ಮೂರನೇ ಒಂದು ಪಾಲು ನೀರಿನವರಿಗೆ ಕೊಡಬೇಕು. ಇಂಥ ನೆಲದಲ್ಲಿ ಜೀರಿಗೆ ಒಗ್ಗಿಕೊಂಡದ್ದಕ್ಕೆ ಕಾರಣವಿದೆ. ಗೋಧಿಗಿಂತ ಅದಕ್ಕೆ ನೀರು ಕಡಿಮೆ. ನಾಲ್ಕೈದು ಸಲ ತೆಳುವಾಗಿ ಹಾಯಿಸಿದರೆ ಸಾಕು. ಹೆಚ್ಚಾದರೆ ಬೇರಿಗೆ ಸೊರಗು ರೋಗ ಹತ್ತುತ್ತದೆ. ಕಾಳು ಗಟ್ಟಿಯಾಗುವ ಹೊತ್ತಿಗೆ ನೀರು ಕೊಡುವುದೇ ತಪ್ಪು.

ಬಿತ್ತನೆ ದೀಪಾವಳಿಯ ನಂತರ, ಹಗಲಿನ ಬಿಸಿಲು ತಗ್ಗಿದ ಮೇಲೆ. ನವೆಂಬರಿನ ಮೊದಲ ಹದಿನೈದು ದಿನ ಸರಿಯಾದ ಕಾಲ. ಹೊಲವನ್ನು ಸಣ್ಣ ಸಣ್ಣ ಮಡಿಗಳಾಗಿ ಕಟ್ಟಿ ಮಟ್ಟ ಮಾಡುತ್ತಾರೆ. ಒಂದು ಮೂಲೆಯಲ್ಲಿ ಅಂಗೈಯಷ್ಟು ನೀರು ನಿಂತರೂ ಆ ಮೂಲೆಯ ಗಿಡ ಹೋಯಿತು. ಬೀಜವನ್ನು ಕೆಲವರು ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಆರಿಸಿ ತರುತ್ತಿದ್ದರು. ಹೆಕ್ಟೇರಿಗೆ 12ರಿಂದ 15 ಕಿಲೋ. ಕೈಯಿಂದ ಎರಚಿ, ಹಲ್ಲುಕುಂಟೆಯಂಥ ದಾಂತಾಳಿಯನ್ನು ಹಗುರವಾಗಿ ಎಳೆದರೆ ಮುಗಿಯಿತು. ಬೆರಳಿನ ಒಂದು ಗೆಣ್ಣಿಗಿಂತ ಆಳಕ್ಕೆ ಹೋದ ಬೀಜ ಮೇಲೆ ಬರುವುದಿಲ್ಲ. ಬಿತ್ತಿದ ಕೂಡಲೇ ಬೀಜ ಕೊಚ್ಚಿಹೋಗದಂತೆ ಮೆಲ್ಲನೆ ಒಂದು ನೀರು, ಎಂಟು ಹತ್ತು ದಿನಕ್ಕೆ ಮೇಲ್ಪದರ ಬಿರಿಯುವ ಮುನ್ನ ಇನ್ನೊಂದು. ಅಲ್ಲಿಯವರೆಗೆ ಹೊಲದಲ್ಲಿ ಏನೂ ಕಾಣುವುದಿಲ್ಲ. ನಿಧಾನವಾಗಿ ಮೊಳೆಯುವ ಬೆಳೆ ಇದು. ಬೇಗ ಬಂದರೆ ವಾರ, ಚಳಿ ಹೆಚ್ಚಿದ್ದರೆ ಎರಡು ವಾರ.

ಮೊಳಕೆಯನ್ನು ನೋಡಲು ನಾನು ಮಡಿಯ ಬದುವಿನ ಮೇಲೆ ಮಂಡಿಯೂರಿ ಕೂರಬೇಕಾಗಿತ್ತು. ನಿಂತ ಕಣ್ಣಿಗೆ ಅದು ಬರಿಯ ಮಣ್ಣು. ಹತ್ತಿರ ಹೋದರೆ ಎರಡು ಕಿರಿದಾದ ಎಲೆ, ದಾರದ ದಪ್ಪವೂ ಇಲ್ಲ. ಮತ್ತೆ ಹದಿನೈದು ದಿನಕ್ಕೆ ಸಬ್ಬಸಿಗೆ ಸೊಪ್ಪಿನ ಚೂರಿನಂತೆ ಸೀಳಿದ ಎಲೆ. ಗಿಡ ಪೂರ್ತಿ ಬೆಳೆದರೂ ಮೊಣಕಾಲೆತ್ತರ ಮೀರುವುದು ಅಪರೂಪ. ಇಷ್ಟು ಸಣ್ಣ ಗಿಡ ಕಳೆಯ ಮುಂದೆ ನಿಲ್ಲುವುದು ಹೇಗೆ? ಅದರಲ್ಲೂ ಜೀರಿ ಎಂಬ ಒಂದು ಕಳೆ, ಇಸಬಗೋಲಿನ ಜಾತಿಯದು, ಜೀರಿಗೆಯ ಜೊತೆಗೇ ಹುಟ್ಟಿ, ಜೊತೆಗೇ ಬಲಿತು, ಕಾಳಿನೊಳಗೆ ಸೇರಿಬಿಡುತ್ತದೆ. ಆಮೇಲೆ ಜರಡಿ ಹಿಡಿದರೂ ಬೇರೆಯಾಗದು. ಅದನ್ನು ಎಳೆಯದರಲ್ಲೇ ಗುರುತು ಹಿಡಿದು ಕೀಳಬೇಕು. ಆ ಕೆಲಸ ಹೆಂಗಸರದು. ಒಂದು ತಿಂಗಳಿಗೆ ಒಮ್ಮೆ, ಒಂದೂವರೆ ತಿಂಗಳಿಗೆ ಇನ್ನೊಮ್ಮೆ, ಇಡೀ ಹೊಲವನ್ನು ಕುಕ್ಕರಗಾಲಲ್ಲಿ ಸರಿದು ಮುಗಿಸುತ್ತಿದ್ದರು. ನಾನು ಕಳೆ ಯಾವುದು, ಬೆಳೆ ಯಾವುದು ಎಂದು ಪುಸ್ತಕದ ಲಕ್ಷಣ ಹೊಂದಿಸುವಷ್ಟರಲ್ಲಿ ಅವರ ಕೈ ಮುಂದಿನ ಮಡಿಯಲ್ಲಿರುತ್ತಿತ್ತು.

ಜನವರಿಯಲ್ಲಿ ಹೂ. ಬಿಳಿಗೆ ತುಸು ನಸುಗೆಂಪು ಬೆರೆತ ಸಣ್ಣ ಹೂ. ಹೂ ಬಿಟ್ಟ ಜೀರಿಗೆ ಹೊಲ ಘಮಘಮಿಸುತ್ತದೆ ಎಂದು ಕೇಳಿದವರು ಅಂದುಕೊಳ್ಳುತ್ತಾರೆ. ಹಾಗಿಲ್ಲ. ನಿಂತ ಬೆಳೆಯ ವಾಸನೆ ಮಂದ. ಗಿಡವನ್ನು ಕೈಯಲ್ಲಿ ಉಜ್ಜಿದರೆ ಮಾತ್ರ ಏಳುತ್ತದೆ. ಜೀರಿಗೆಯ ಪರಿಮಳ ಕಾಳಿನೊಳಗಿನ ಎಣ್ಣೆಯದು. ತೂಕದಲ್ಲಿ ನೂರಕ್ಕೆ ಮೂರು ನಾಲ್ಕು ಪಾಲಿನಷ್ಟಿರುವ ಆ ಎಣ್ಣೆ ಕಾಳು ಬಲಿಯುತ್ತ ಕೂಡುತ್ತದೆ. ಅದರಲ್ಲಿ ಮುಖ್ಯವಾದದ್ದು ಕ್ಯುಮಿನಾಲ್ಡಿಹೈಡ್. ಒಗ್ಗರಣೆಯಲ್ಲಿ ಚಟಪಟ ಅಂದಾಗ ಮನೆ ತುಂಬುವುದು ಅದೇ. ಒಣ ಹವೆಯಲ್ಲಿ, ಹಗಲು ಬಿಸಿಲು, ರಾತ್ರಿ ಚಳಿ ಇರುವಲ್ಲಿ ಕಾಳು ಚೆನ್ನಾಗಿ ಬಲಿತು ಆ ಎಣ್ಣೆ ನಿಲ್ಲುತ್ತದೆ.

ಹೂವಿನಿಂದ ಕಾಳಿನವರೆಗಿನ ಆ ನಾಲ್ಕಾರು ವಾರ ಊರಿನವರು ಆಕಾಶ ನೋಡುತ್ತಲೇ ಇರುತ್ತಿದ್ದರು. ಮೋಡ ಎಂದರೆ ಭಯ. ಮಳೆ ಬೀಳಬೇಕೆಂದೇನೂ ಇಲ್ಲ. ಎರಡು ಮೂರು ದಿನ ಮೋಡ ಮುಚ್ಚಿ, ಗಾಳಿಯಲ್ಲಿ ತೇವ ನಿಂತರೆ ಸಾಕು. ಕಾಳಿ ಚರಮಿ ಎಂದು ಅವರು ಕರೆಯುವ ಅಂಗಮಾರಿ ರೋಗ ಇಳಿಯುತ್ತದೆ. ಆಲ್ಟರ್ನೇರಿಯಾ ಬರ್ನ್ಸಿ ಎಂಬ ಶಿಲೀಂಧ್ರ ಅದಕ್ಕೆ ಕಾರಣ. ಅಕಾಲದ ಚಳಿಗಾಲದ ಮಳೆಗೆ ಮಾವಠು ಎನ್ನುತ್ತಾರೆ. ಮಾವಠು ಬಂತೆಂದರೆ ಚರಮಿ ಬಂದೇ ಬಂತು ಎಂದು ಲೆಕ್ಕ.

ನಾನು ಸಾಲ ಮಂಜೂರು ಮಾಡಿದ್ದ ಒಬ್ಬ ಹಿರಿಯ ಪಟೇಲ ರೈತರಿದ್ದರು. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು. ಒಂದು ಫೆಬ್ರವರಿಯ ಬೆಳಗ್ಗೆ ಮೋಡ ಚದುರಿದ ಮೇಲೆ ಅವರ ಹೊಲದಲ್ಲಿ ನಡೆದೆವು. ದೂರದಿಂದ ಬೆಳೆ ಹಸಿರಾಗಿಯೇ ಇತ್ತು. ಕಾಕಾ ಒಂದು ಗೊಂಚಲನ್ನು ಬಗ್ಗಿಸಿ ತೋರಿಸಿದರು. ಹೂಗಳ ತುದಿಯಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆಗಳು. ಎಲೆಯ ತುದಿಯೂ ಕಂದು. ಆ ಗೊಂಚಲನ್ನು ಬೆರಳುಗಳ ನಡುವೆ ಉಜ್ಜಿದರು. ಎಳೆ ಕಾಳುಗಳು ಒಣಗಿದ ಸಿಪ್ಪೆಯಾಗಿ ಪುಡಿಯಾದವು. ವಾಸನೆ ಏಳಲಿಲ್ಲ. ಮ್ಯಾಂಕೋಜೆಬ್ ಸಿಂಪಡಿಸಬಹುದಿತ್ತು, ಸಿಂಪಡಿಸಿದ್ದರು ಕೂಡ. ಅದು ರೋಗ ಬರುವ ಮುನ್ನ ಕಾಯುವ ಮದ್ದು. ಹತ್ತಿದ ಮೇಲೆ ಹರಡುವುದನ್ನು ತಡೆಯುವ ಬಲ ಅದಕ್ಕೆ ಕಡಿಮೆ. ಅದೇ ವಾರದಲ್ಲಿ ಹೊಲ ಸುಟ್ಟಂತೆ ಕಪ್ಪಾಯಿತು. ಕಾಕಾ ಗಿಡ ಕೀಳಿಸಲಿಲ್ಲ. ಕೀಳಿಸುವ ಕೂಲಿಯೂ ಹುಟ್ಟುವಂತಿರಲಿಲ್ಲ. ಆ ವರ್ಷ ಅವರ ಸಾಲ ವಸೂಲಾಗಲಿಲ್ಲ. ಅವಧಿ ಮುಂದೂಡುವ ಕಾಗದವನ್ನು ನಾನೇ ಬರೆದೆ.

ಬೆಳೆ ವಿಮೆ ಇರಲಿಲ್ಲವೇ? 1985ರಲ್ಲಿ ಬಂದಿದ್ದ ಸಮಗ್ರ ಬೆಳೆ ವಿಮಾ ಯೋಜನೆ ಧಾನ್ಯ, ಬೇಳೆಕಾಳು, ಎಣ್ಣೆಕಾಳುಗಳಿಗಷ್ಟೇ ಇತ್ತು. ಸಾಂಬಾರ ಬೆಳೆ ಅದರ ಹೊರಗೆ. ಗೋಧಿ ಬಿತ್ತಿದವನಿಗೆ ಆಸರೆ ಇತ್ತು, ಜೀರಿಗೆ ಬಿತ್ತಿದವನಿಗೆ ಇರಲಿಲ್ಲ. ಬೆಂಬಲ ಬೆಲೆಯೂ ಇರಲಿಲ್ಲ. ಅದು ಇಂದಿಗೂ ಇಲ್ಲ. ಆದರೂ ಬಿತ್ತುತ್ತಿದ್ದರು, ಏಕೆಂದರೆ ಅಷ್ಟು ಕಡಿಮೆ ನೀರಿಗೆ ಅಷ್ಟು ಹಣ ತರುವ ಬೆಳೆ ಮತ್ತೊಂದಿರಲಿಲ್ಲ. ಮಾರವಾಡದ ಹೆಂಗಸರ ಒಂದು ಜನಪದ ಹಾಡಿದೆ. ಜೀರಿಗೆ ಬಿತ್ತಬೇಡ ಎಂದು ಹೆಂಡತಿ ಗಂಡನನ್ನು ಬೇಡಿಕೊಳ್ಳುವ ಹಾಡು. ಅದನ್ನು ಕೇಳುವ ಹೊರಗಿನವರು ಇಂಪಿಗೆ ತಲೆದೂಗುತ್ತಾರೆ. ಕಳೆ ಕಿತ್ತು, ಕಾವಲು ಕಾದು, ಕೊನೆಗೆ ಖಾಲಿ ಕೈಯಲ್ಲಿ ಮನೆಗೆ ಬಂದವರಿಗೆ ಆ ಹಾಡಿನ ಒಂದೊಂದು ಮಾತೂ ಲೆಕ್ಕಪತ್ರ.

ಬೆಳೆ ಉಳಿದ ವರ್ಷಗಳ ಸುಗ್ಗಿಯನ್ನೂ ನೋಡಿದ್ದೇನೆ. ಬಿತ್ತಿ ನೂರು ದಿನ ದಾಟಿ ನೂರಿಪ್ಪತ್ತರೊಳಗೆ, ಫೆಬ್ರವರಿಯ ಕೊನೆ ಅಥವಾ ಮಾರ್ಚಿನಲ್ಲಿ, ಗಿಡ ಹಳದಿಗೆ ತಿರುಗಿ ಕಾಳು ಬೂದುಗಂದಾಗುತ್ತದೆ. ಆಗ ತಡಮಾಡುವಂತಿಲ್ಲ, ಪೂರ್ತಿ ಒಣಗಿದರೆ ಕಾಳು ಉದುರುತ್ತದೆ. ಬಿಸಿಲೇರಿದ ಮೇಲೆ ಕೀಳುವಂತೆಯೂ ಇಲ್ಲ. ನಸುಕಿನಲ್ಲೇ ಹೆಂಗಸರು ಸಾಲುಗಟ್ಟಿ ಕೂತು, ಇಬ್ಬನಿ ಆರುವ ಮುನ್ನ, ಗಿಡವನ್ನು ಬೇರುಸಹಿತ ಹಿಡಿ ಹಿಡಿಯಾಗಿ ಕೀಳುತ್ತಿದ್ದರು. ಕಿತ್ತದ್ದನ್ನು ಬಟ್ಟೆಯಲ್ಲಿ ಕಟ್ಟಿ ಕಣಕ್ಕೆ ಹೊರುತ್ತಿದ್ದರು. ಹೆಚ್ಚಿನವರು ಭೂಮಿಯಿಲ್ಲದ ಠಾಕೋರ ಮನೆಗಳವರು. ಕೂಲಿ ಸ್ವಲ್ಪ ಹಣವಾಗಿ, ಸ್ವಲ್ಪ ಕಾಳಾಗಿ. ಬೆಳಗಿನ ಹತ್ತು ಗಂಟೆಗೆ ಅವರ ಬೆರಳುಗಳ ಸಂದಿಯಲ್ಲಿ ಮಣ್ಣು, ಗಿಡದ ರಸ ಸೇರಿ ಕಪ್ಪು ಹತ್ತಿರುತ್ತಿತ್ತು. ನೀರಿಗೆ ಹೋಗದ ಕಪ್ಪು. ಚರ್ಮ ಬಿರಿದು ಉರಿಯುತ್ತಿತ್ತು ಎಂದು ಹೇಳುತ್ತಿದ್ದರು.

ಕಣದಲ್ಲಿ ಒಂದು ವಾರ ಒಣಗಿಸಿ, ಕೋಲಿನಿಂದ ಬಡಿದು ಕಾಳು ಬಿಡಿಸುತ್ತಿದ್ದರು. ಬೈಬಲಿನ ಯೆಶಾಯನ ಗ್ರಂಥದ 28ನೇ ಅಧ್ಯಾಯದಲ್ಲಿ ಜೀರಿಗೆಯ ಒಕ್ಕಣೆಯ ಮಾತಿದೆ. ಅದರ ಮೇಲೆ ಬಂಡಿಯ ಗಾಲಿ ಉರುಳಿಸುವುದಿಲ್ಲ, ಕೋಲಿನಿಂದ ಬಡಿಯುತ್ತಾರೆ ಎಂಬುದು ಅಲ್ಲಿನ ತಾತ್ಪರ್ಯ. ಗಾಲಿಯ ಕೆಳಗೆ ಸಿಕ್ಕರೆ ಕಾಳು ಒಡೆದು ಎಣ್ಣೆ ಹಾರಿಹೋಗುತ್ತದೆ. ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನ ಪಶ್ಚಿಮ ಏಷ್ಯಾದ ರೈತರಿಗೆ ತಿಳಿದಿದ್ದ ಈ ವಿವೇಕವೇ ನಾನಿದ್ದ ಕಾಲದ ಮೆಹಸಾಣಾದ ಕಣದಲ್ಲೂ ನಡೆಯುತ್ತಿತ್ತು. ಅದನ್ನು ಕಂಡು ಮರುಳಾಗುವ ಕಾರಣ ನನಗೆ ಕಾಣಲಿಲ್ಲ. ಬಡಿಯುವವರ ಸುತ್ತ ಏಳುತ್ತಿದ್ದ ಧೂಳಿನಲ್ಲಿ ಅವರ ಮುಖ ಕಾಣುತ್ತಿರಲಿಲ್ಲ. ಕಾಳಿನ ಮೈಮೇಲಿನ ಸಣ್ಣ ರೋಮಗಳು, ಒಣ ಎಲೆಯ ಪುಡಿ, ಮಣ್ಣು ಎಲ್ಲ ಸೇರಿದ ಧೂಳು. ಮೂಗಿಗೆ ಬಟ್ಟೆ ಕಟ್ಟಿದರೂ ರಾತ್ರಿಯಿಡೀ ಕೆಮ್ಮು. ಗಾಳಿ ಬಿಟ್ಟಾಗ ಮೊರದಲ್ಲಿ ತೂರುವುದು, ಬಿಡದಿದ್ದರೆ ಕಾಯುವುದು. ಕಾಯುವಾಗ ಮತ್ತೆ ಆಕಾಶದ ಭಯ. ಕಣದಲ್ಲಿ ನೆನೆದ ಜೀರಿಗೆ ಕಪ್ಪಾಗಿ ಅರ್ಧ ಬೆಲೆಗೆ ಇಳಿಯುತ್ತದೆ.

ರಾಶಿ ಊಂಝಾಕ್ಕೆ ಹೋಗುತ್ತಿತ್ತು. ಮೆಹಸಾಣಾದಿಂದ ಉತ್ತರಕ್ಕೆ, ಸಿದ್ಧಪುರದ ದಾರಿಯಲ್ಲಿ ಸಿಗುವ ಊರು. ಕಡವಾ ಪಾಟೀದಾರರ ಕುಲದೇವಿ ಉಮಿಯಾ ಮಾತೆಯ ಗುಡಿ ಅಲ್ಲಿದೆ. 1954ರಲ್ಲಿ ಆರಂಭವಾದ ಅಲ್ಲಿನ ಕೃಷಿ ಮಾರುಕಟ್ಟೆ ಜೀರಿಗೆ, ಇಸಬಗೋಲು, ಬಡೇಸೋಪಿಗೆ ಹೆಸರಾದದ್ದು. ಮಾರ್ಚಿನಲ್ಲಿ ಪೇಟೆಯ ಬೀದಿಗೆ ಕಾಲಿಡುವ ಮೊದಲೇ ಜೀರಿಗೆಯ ವಾಸನೆ ಎದುರಾಗುತ್ತಿತ್ತು. ರೈತರು ಚೀಲ ಬಿಚ್ಚಿ ಕಟ್ಟೆಯ ಮೇಲೆ ಸುರುವಿ ಪಕ್ಕದಲ್ಲಿ ಕೂರುವರು. ದಲಾಲರೂ ಖರೀದಿದಾರರೂ ರಾಶಿಯಿಂದ ರಾಶಿಗೆ ಗುಂಪಾಗಿ ಸರಿಯುವರು. ಒಬ್ಬ ಹಿಡಿ ಕಾಳು ತೆಗೆದು, ಅಂಗೈಯಲ್ಲಿ ಹರಡಿ, ಊದಿ, ಉಜ್ಜಿ, ಮೂಸಿ ನೋಡುವನು. ಬೆಲೆ 20 ಕಿಲೋದ ಮಣಕ್ಕೆ. ಒಂದು ರಾಶಿಯ ಹರಾಜು ಒಂದೆರಡು ನಿಮಿಷಕ್ಕೆ ಮುಗಿಯುತ್ತಿತ್ತು. ನಾಲ್ಕು ತಿಂಗಳ ದುಡಿಮೆಯ ಬೆಲೆ ಆ ಎರಡು ನಿಮಿಷದಲ್ಲಿ ನಿಗದಿ. ಹಿಂದಿನ ದಿನ ಬೇರೆ ಪೇಟೆಯಲ್ಲಿ ಏನು ನಡೆಯಿತು, ಹೊರದೇಶದ ಗಿರಾಕಿ ಎಷ್ಟು ಕೇಳಿದ, ತುರ್ಕಿ ಮತ್ತು ಸಿರಿಯಾದಲ್ಲಿ ಬೆಳೆ ಹೇಗಿದೆ ಎಂಬುದು ಕೊಳ್ಳುವವನಿಗೆ ಗೊತ್ತು, ಮಾರುವವನಿಗೆ ಗೊತ್ತಿರಲಿಲ್ಲ.

ಕೆಲಸದಿಂದ ನಿವೃತ್ತನಾಗಿ ಎಷ್ಟೋ ವರ್ಷದ ಮೇಲೆ, 2024ರ ಫೆಬ್ರವರಿಯಲ್ಲಿ, ಆ ಸೀಮೆಗೆ ಮತ್ತೆ ಹೋದೆ. ಕಾಕಾ ತೀರಿಕೊಂಡು ಬಹಳ ಕಾಲವಾಗಿತ್ತು. ಹೊಲವನ್ನು ಅವರ ಮಗ ನೋಡಿಕೊಳ್ಳುತ್ತಿದ್ದರು. ಔಡಲ ಇತ್ತು, ಬಡೇಸೋಪು ಇತ್ತು, ಒಂದು ಬದಿಗೆ ಮಾತ್ರ ಜೀರಿಗೆ. ಕಾರಣ ಕೇಳಿದಾಗ ಅವರು ಒಂದೊಂದಾಗಿ ಬೆರಳು ಮಡಿಸಿದರು. ವರ್ಷ ವರ್ಷ ಅದೇ ನೆಲದಲ್ಲಿ ಜೀರಿಗೆ ಹಾಕಿ ಮಣ್ಣಲ್ಲಿ ಸೊರಗು ರೋಗ ನೆಲೆಸಿದೆ. ಸುತ್ತ ಕಾಲುವೆ ನೀರು, ದಟ್ಟ ಬೆಳೆ ಬಂದು ಚಳಿಗಾಲದ ಗಾಳಿಯಲ್ಲಿ ಮೊದಲಿನ ಒಣತನವಿಲ್ಲ. ಕಳೆ ಕೀಳುವವರು ಸಿಗುವುದಿಲ್ಲ. ಕೊಳವೆ ಬಾವಿ ಕೆಲವೆಡೆ ಸಾವಿರ ಅಡಿ ದಾಟಿದೆ. ಆ ಆಳದಿಂದ ಎತ್ತಿದ ನೀರನ್ನು ಮೋಡ ಕಂಡರೆ ಸಾಯುವ ಬೆಳೆಗೆ ಹಾಕುವ ಧೈರ್ಯ ಅವರಿಗಿಲ್ಲ. ಔಡಲ ಮೋಡಕ್ಕೆ ಜಗ್ಗುವುದಿಲ್ಲ.

ಜೀರಿಗೆ ಅಳಿದಿಲ್ಲ, ಜಾಗ ಬದಲಿಸಿದೆ. ಇಂದು ಗುಜರಾತಿನ ಜೀರಿಗೆ ಹೆಚ್ಚಾಗಿ ಸೌರಾಷ್ಟ್ರದ್ದು: ಸುರೇಂದ್ರನಗರ, ರಾಜಕೋಟ, ದ್ವಾರಕೆಯ ಸೀಮೆ, ಜೊತೆಗೆ ಕಚ್ಛ. ರಾಜಸ್ಥಾನದಲ್ಲಿ ಬಾಡಮೇರ್, ಜಾಲೋರ್, ಜೋಧಪುರ, ನಾಗೌರ್. 2008ರಲ್ಲಿ ನರ್ಮದೆಯ ಕಾಲುವೆ ರಾಜಸ್ಥಾನದ ಗಡಿ ದಾಟಿತು. ಜಾಲೋರಿನ ಆ ಅಚ್ಚುಕಟ್ಟಿನಲ್ಲಿ ತುಂತುರು ನೀರಾವರಿಯನ್ನು ಕಡ್ಡಾಯ ಮಾಡಿದರು. ಮಳೆಗಾಲದ ಸಜ್ಜೆಯನ್ನಷ್ಟೇ ಕಂಡಿದ್ದ ನೆಲದಲ್ಲಿ ಚಳಿಗಾಲದ ಜೀರಿಗೆ ಎದ್ದಿತು. ಮರುಭೂಮಿಯ ಅಂಚಿನ ಒಣ ಹವೆ ಅದಕ್ಕೆ ಹೇಳಿ ಮಾಡಿಸಿದ್ದು. ಎಲ್ಲಿ ಬೆಳೆದರೂ ದೊಡ್ಡ ಪಾಲು ಊಂಝಾಕ್ಕೇ ಬರುತ್ತದೆ. ಸುತ್ತಲ ಹೊಲದಲ್ಲಿ ಜೀರಿಗೆ ಕಡಿಮೆಯಾದರೂ ಊಂಝಾದ ವ್ಯಾಪಾರ ಬೆಳೆಯುತ್ತಲೇ ಹೋಗಿದೆ.

ಒಳ್ಳೆಯದಾದದ್ದನ್ನು ಒಳ್ಳೆಯದೆಂದೇ ಹೇಳಬೇಕು. ಮೆಹಸಾಣಾ ಹತ್ತಿರದ ಜಗುದಣದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರ ಸೊರಗು ರೋಗ ತಾಳುವ ತಳಿಗಳನ್ನು ಕೊಟ್ಟಿತು. ಅಲ್ಲಿಂದ ಬಂದ ಗುಜರಾತ್ ಜೀರು 4 ಎಂಬ ತಳಿ ಎರಡೂ ರಾಜ್ಯಗಳಲ್ಲಿ ಹರಡಿದೆ. ಜೀರಿಗೆ ಬೇಸಾಯ ಇಷ್ಟು ವಿಸ್ತರಿಸಿದ್ದರಲ್ಲಿ ಆ ತಳಿಯ ಪಾತ್ರ ದೊಡ್ಡದು. 2000ದಲ್ಲಿ ಅಜ್ಮೀರದ ಬಳಿ ತಬೀಜಿಯಲ್ಲಿ ಬೀಜ ಸಾಂಬಾರ ಬೆಳೆಗಳಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಬಂತು. ಒಕ್ಕಣೆ ಯಂತ್ರ ಬಂತು. ಕಾಳು ಒಡೆಯದಂತೆ ವೇಗ ಹೊಂದಿಸಿದ ಯಂತ್ರದೊಳಗೆ ಒಣಗಿದ ಗಿಡ ತಳ್ಳಿದರೆ ಒಂದು ಕಡೆ ಕಾಳು, ಇನ್ನೊಂದು ಕಡೆ ಹೊಟ್ಟು. ವಾರದ ಕೆಲಸ ಕೆಲವೇ ಗಂಟೆಗೆ ಮುಗಿಯುತ್ತದೆ. ಕೋಲಿನ ಬಡಿತ ನಿಂತದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಆ ಕೆಮ್ಮನ್ನು ಕೇಳಿದ ಯಾರಿಗೂ ಬೇಸರವಾಗಲಾರದು.

ಬೆಲೆ ಇಂದು ಗುಟ್ಟಲ್ಲ. ಕಾಕಾನ ಮಗ ಹೊಲದಲ್ಲಿ ನಿಂತೇ ಫೋನಿನಲ್ಲಿ ಊಂಝಾದ ದಿನದ ಧಾರಣೆ ತೋರಿಸಿದರು. 2005ರಿಂದ ಜೀರಿಗೆಯ ವಾಯಿದಾ ವ್ಯಾಪಾರವೂ ನಡೆಯುತ್ತಿದೆ. ಸಿರಿಯಾದಲ್ಲಿ 2011ರಿಂದ ಯುದ್ಧ ಹತ್ತಿಕೊಂಡು ಅಲ್ಲಿನ ಜೀರಿಗೆ ಪೇಟೆಯಲ್ಲಿ ಕಡಿಮೆಯಾದಾಗ ಇಲ್ಲಿನ ರೈತರು ಆ ಸುದ್ದಿಯನ್ನೂ ತಿಳಿದಿದ್ದರು. ಊಂಝಾದ ಕಾರ್ಖಾನೆಗಳಲ್ಲಿ ಕ್ಯಾಮೆರಾ ಕಣ್ಣಿನ ಸಾರ್ಟೆಕ್ಸ್ ಯಂತ್ರ ಒಂದೊಂದು ಕಾಳಿನ ಬಣ್ಣ ನೋಡಿ, ಕಲ್ಲು, ಕಡ್ಡಿ, ಕಳೆಬೀಜವನ್ನು ಗಾಳಿಯ ಹೊಡೆತದಿಂದ ಹೊರಕ್ಕೆ ಹಾಕುತ್ತದೆ. ಸಿಂಗಾಪುರ ದರ್ಜೆ, ಯುರೋಪ್ ದರ್ಜೆ ಎಂದು ಚೀಲಗಳ ಮೇಲೆ ಬೇರೆ ಬೇರೆ ಗುರುತು. ಯುರೋಪಿಗೆ ಹೋಗುವುದಕ್ಕೆ ಕೀಟನಾಶಕದ ಶೇಷ ಎಷ್ಟಿದೆ ಎಂಬ ಪರೀಕ್ಷೆ ಬೇರೆ. ಮೋಡಕ್ಕೆ ಹೆದರಿ ಮತ್ತೆ ಮತ್ತೆ ಸಿಂಪಡಿಸಿದ ರೈತನ ಕಾಳು ಅಲ್ಲಿ ತಿರಸ್ಕೃತವಾಗುತ್ತದೆ. ಸಿಂಪಡಿಸದಿದ್ದರೆ ಹೊಲದಲ್ಲೇ ಹೋಗುತ್ತದೆ. ಈ ಇಕ್ಕಟ್ಟು ನಾನಿದ್ದ ಕಾಲದಲ್ಲಿ ಇರಲಿಲ್ಲ.

ನಾನು ಮತ್ತೆ ಹೋದ ವರ್ಷ ಎಲ್ಲರ ಬಾಯಲ್ಲೂ ಬೆಲೆಯದೇ ಮಾತು. 2023ರ ಮಾರ್ಚಿನಲ್ಲಿ ಸುಗ್ಗಿಯ ಹೊತ್ತಿಗೆ ಅಕಾಲ ಮಳೆ ಸುರಿದು ಕಾಳು ಕಡಿಮೆಯಾಗಿ, ಆ ವರ್ಷದ ನಡುವೆ ಕ್ವಿಂಟಲ್‌ಗೆ 60,000 ರೂಪಾಯಿ ದಾಟಿತ್ತು. ಅದನ್ನು ನೋಡಿ ಮುಂದಿನ ಹಂಗಾಮಿಗೆ ಗುಜರಾತಿನ ಬಿತ್ತನೆ ಸುಮಾರು ಇಮ್ಮಡಿಯಾಯಿತು. ಹೊಸ ಕಾಳು ಪೇಟೆಗೆ ಬರುವಷ್ಟರಲ್ಲಿ, 2024ರ ಮಾರ್ಚಿನಲ್ಲಿ, ಬೆಲೆ ಅದರ ಅರ್ಧಕ್ಕಿಂತ ಕೆಳಗಿಳಿದಿತ್ತು. 60,000ದ ಬೆಲೆ ಬಂದಾಗ ಹೆಚ್ಚಿನ ಸಣ್ಣ ರೈತರ ಮನೆಯಲ್ಲಿ ಜೀರಿಗೆ ಉಳಿದಿರಲಿಲ್ಲ, ಸುಗ್ಗಿಯಲ್ಲೇ ಮಾರಿದ್ದರು. ಜೀರಿಗೆ ವರ್ಷಗಟ್ಟಲೆ ಕೆಡದ ಸರಕು. ಇಟ್ಟುಕೊಳ್ಳುವ ಶಕ್ತಿ ಇದ್ದವನಿಗೆ ಅದು ಹಣ, ಇಲ್ಲದವನಿಗೆ ಬರಿಯ ಸುದ್ದಿ. ಫೋನಿನಲ್ಲಿ ಧಾರಣೆ ಕಂಡರೂ ಸಾಲದ ಕಂತು ಕಾಯುವುದಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ದುಡಿಯುವವರ ಬದಲಾವಣೆ. ಠಾಕೋರ ಹೆಂಗಸರ ಮಕ್ಕಳು ಕಾರ್ಖಾನೆಗಳಿಗೆ, ಪಟ್ಟಣಗಳಿಗೆ ಹೋಗಿದ್ದಾರೆ. ಅವರ ಜಾಗಕ್ಕೆ ದಾಹೋದ್, ಪಂಚಮಹಲ್ ಕಡೆಯ ಆದಿವಾಸಿ ಕುಟುಂಬಗಳು ಬಂದಿವೆ. ಉತ್ತರ ಗುಜರಾತಿನಲ್ಲೂ ಸೌರಾಷ್ಟ್ರದಲ್ಲೂ ಅವರನ್ನು ಭಾಗಿಯಾ ಎನ್ನುತ್ತಾರೆ. ಹೊಲದ ಅಂಚಿನಲ್ಲೇ ಗುಡಿಸಲು. ಬಿತ್ತನೆಯಿಂದ ಒಕ್ಕಣೆಯವರೆಗೆ ದುಡಿಮೆ ಪೂರ್ತಿ ಅವರದು. ಪ್ರತಿಫಲ ಕೂಲಿಯಲ್ಲ, ಬೆಳೆಯ ನಾಲ್ಕನೇ ಒಂದು ಪಾಲು, ಎಷ್ಟೋ ಕಡೆ ಅದಕ್ಕೂ ಕಡಿಮೆ. ನಡುವೆ ಖರ್ಚಿಗೆ ಮುಂಗಡ ಪಡೆಯುತ್ತಾರೆ. ಸುಗ್ಗಿಯಲ್ಲಿ ಅದನ್ನು ಹೊಲದೊಡೆಯ ಪಾಲಿನಲ್ಲಿ ಮುರಿದುಕೊಳ್ಳುತ್ತಾನೆ. ಹಳೆಯ ಕೂಲಿ ಹೆಂಗಸರ ಬದುಕು ಕಷ್ಟದ್ದೇ, ಆದರೆ ಚರಮಿ ಬಂದರೂ ಅಲ್ಲಿಯವರೆಗೆ ಕಿತ್ತ ಕಳೆಯ ಕೂಲಿ ಅವರ ಕೈ ಸೇರಿರುತ್ತಿತ್ತು. ಭಾಗಿಯಾನಿಗೆ ಅದೂ ಇಲ್ಲ. ಹೊಲ ಕಪ್ಪಾದರೆ ನಾಲ್ಕು ತಿಂಗಳ ದುಡಿಮೆ ಹೋಗಿ ಮುಂಗಡದ ಸಾಲ ಮಾತ್ರ ಉಳಿಯುತ್ತದೆ. ಮೋಡದ ಹೊರೆ ಮೊದಲು ಹೊಲದೊಡೆಯನ ಮೇಲಿತ್ತು. ಇಂದು ಅದರ ಒಂದು ಪಾಲು ಹೊಲವೇ ಇಲ್ಲದವನ ಹೆಗಲಿಗೆ ಬಂದಿದೆ. ಅವನ ಹೆಸರು ಬ್ಯಾಂಕಿನ ಪುಸ್ತಕದಲ್ಲಿಲ್ಲ, ಪಹಣಿಯಲ್ಲಿಲ್ಲ, ಪರಿಹಾರದ ಪಟ್ಟಿಯಲ್ಲಿಲ್ಲ.

ವಿಮೆಯ ಚಕ್ರ ಒಂದು ಸುತ್ತು ತಿರುಗಿದೆ. ಆಮೇಲಿನ ಯೋಜನೆಗಳಲ್ಲಿ ಜೀರಿಗೆಗೂ ಜಾಗ ಸಿಕ್ಕಿತು. ರಾಜಸ್ಥಾನದಲ್ಲಿ ಅದು ಬೆಳೆ ವಿಮೆಯ ಪಟ್ಟಿಯಲ್ಲಿದೆ. ಗುಜರಾತ್ ಮಾತ್ರ 2020ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಿಂದ ಹೊರಬಂತು. ಅದರ ಬದಲಿಗೆ ತಂದ ಮುಖ್ಯಮಂತ್ರಿ ಕಿಸಾನ್ ಸಹಾಯ ಯೋಜನೆಯನ್ನು ಮುಂಗಾರು ಬೆಳೆಗಳಿಗಾಗಿ ರೂಪಿಸಿದರು. ಜೀರಿಗೆ ಚಳಿಗಾಲದ ಬೆಳೆ. ಮಾವಠು ಬಡಿದ ವರ್ಷ ಸರ್ಕಾರ ಪರಿಹಾರ ಘೋಷಿಸುವುದುಂಟು. ಆದರೆ ಘೋಷಣೆಯನ್ನು ನಂಬಿ ಯಾರೂ ಬಿತ್ತಲಾಗದು. ತಳಿ ಬದಲಾಗಿ, ಯಂತ್ರ ಬದಲಾಗಿ, ಪೇಟೆ ಬದಲಾಗಿ, ಕಾಳಿ ಚರಮಿಯನ್ನು ಪೂರ್ಣವಾಗಿ ತಡೆಯುವ ತಳಿ ಮಾತ್ರ ಇನ್ನೂ ರೈತನ ಹೊಲಕ್ಕೆ ಬಂದಿಲ್ಲ. ಹಾಗಿರುವಾಗ ಆ ನಷ್ಟವನ್ನು ಹಂಚಿಕೊಳ್ಳುವ ವ್ಯವಸ್ಥೆಯೇ ಗುಜರಾತಿನಲ್ಲಿ ಇಲ್ಲದಿರುವುದು ನ್ಯಾಯವಲ್ಲ.

ಇದಕ್ಕೆ ದಾರಿ ಇಲ್ಲ ಎನ್ನುವಂತಿಲ್ಲ. ಯಾವ ಉಷ್ಣತೆಯಲ್ಲಿ, ಎಷ್ಟು ತೇವದಲ್ಲಿ, ಎಷ್ಟು ದಿನದ ಮೋಡಕ್ಕೆ ಈ ರೋಗ ಎರಗುತ್ತದೆ ಎಂಬುದನ್ನು ಸಂಶೋಧಕರು ದಶಕಗಳಿಂದ ದಾಖಲಿಸಿದ್ದಾರೆ. ಹವಾಮಾನ ಮಾಪಕದ ಅಂಕಿಗಳನ್ನೇ ಆಧಾರವಾಗಿಟ್ಟು, ಹೂ ಬಿಡುವ ವಾರಗಳಲ್ಲಿ ಮೋಡ ಮುಸುಕಿದರೆ ಪರಿಹಾರ ತಾನಾಗಿ ಖಾತೆಗೆ ಬರುವ ವಿಮೆಯನ್ನು ರೂಪಿಸುವುದು ಸಾಧ್ಯ. ಹವಾಮಾನ ಆಧಾರಿತ ವಿಮೆ ನಮ್ಮ ಅಡಿಕೆ, ಕಾಳುಮೆಣಸಿಗೆ ಕರ್ನಾಟಕದಲ್ಲೇ ಇದೆ. ಗುಜರಾತಿನ ಜೀರಿಗೆಗೂ ಅದು ಬರಬೇಕು. ಬಂದಾಗ ಪರಿಹಾರದಲ್ಲಿ ಭಾಗಿಯಾನ ಪಾಲು ಅವನ ಹೆಸರಿಗೇ ಹೋಗಬೇಕು. ಅದಕ್ಕೆ ಮೊದಲು ಅವನ ಒಪ್ಪಂದ ಕಾಗದದ ಮೇಲೆ ಬರಬೇಕು. ಸಾಲದ ಅಧಿಕಾರಿಯಾಗಿ ವರ್ಷಗಟ್ಟಲೆ ಹೊಲ ಸುತ್ತಿದ ನನಗೆ ಇದು ಆಗುವ ಕೆಲಸ ಎಂಬ ನಂಬಿಕೆ ಇದೆ. ಹಾಲಿಗೆ ಸಹಕಾರದ ಲೆಕ್ಕವನ್ನು ಊರೂರಿಗೆ, ಮನೆಮನೆಗೆ ಮುಟ್ಟಿಸಿದ ಸೀಮೆ ಅದು. ಜೀರಿಗೆಯ ಲೆಕ್ಕವನ್ನೂ ಅದು ಬರೆಯಬಲ್ಲದು.